ವೆಸೂವಿಯಸ್ ಬೂದಿ, ಕೊಯಮತ್ತೂರಿನ ಹರಳು, ನಡುವೆ ನಮ್ಮ ಕರಾವಳಿ

ಬಟ್ಟೆ ಅಂಗಡಿ ಇರುವ ಬ್ಯಾರಿ ಮನೆಗಳಲ್ಲಿ ತಿರುಪ್ಪೂರು ಎಂಬ ಹೆಸರು ಮಕ್ಕಳಿಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ. ಪೆರ್ನಾಲ್‌ಗೆ ಎರಡು ತಿಂಗಳು ಇರುವಾಗ ಉಪ್ಪ ಮತ್ತು ಕಾಕ ಮಂಗಳೂರಿನಿಂದ ರಾತ್ರಿ ರೈಲು ಹತ್ತುತ್ತಿದ್ದರು. ಬೆಳಗ್ಗೆ ತಿರುಪ್ಪೂರಲ್ಲಿ ಇಳಿದು, ಖಾದರ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳಲ್ಲಿ ಬನಿಯನ್, ಮಕ್ಕಳ ಚಡ್ಡಿ, ಟೀ ಶರ್ಟು ನೋಡಿ, ಚೌಕಾಸಿ ಮಾಡಿ, ಮೂಟೆ ಕಟ್ಟಿಸಿ ಲಾರಿಗೆ ಹಾಕಿ, ಮತ್ತೆ ರಾತ್ರಿಯ ರೈಲಿಗೆ ವಾಪಸು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಶೊರನೂರಿನಲ್ಲಿ ರೈಲು ಕರಾವಳಿಯನ್ನು ಬಿಟ್ಟು ಪೂರ್ವಕ್ಕೆ ತಿರುಗುತ್ತದೆ. ಪಾಲಕ್ಕಾಡ್ ದಾಟುವ ಹೊತ್ತಿಗೆ ಬೆಳಕು ಹರಿಯುತ್ತದೆ. ಎಡಕ್ಕೂ ಬಲಕ್ಕೂ ದೂರದಲ್ಲಿ ಘಟ್ಟ ನಿಂತಿದೆ, ರೈಲು ಮಾತ್ರ ಬಯಲಿನಲ್ಲಿ ಹೋದಂತೆ ಹೋಗುತ್ತಿದೆ. "ಶಿರಾಡಿಯಲ್ಲಿ ಇಷ್ಟು ಸುಲಭ ಇದ್ದಿದ್ದರೆ!" ಎಂದು ಕಾಕ ಅಂದದ್ದು ಇನ್ನೂ ಕಿವಿಯಲ್ಲಿದೆ.

ಪಾಲಕ್ಕಾಡ್ ಕಣಿವೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಅಗಲ. ಪಶ್ಚಿಮ ಘಟ್ಟದ ಇಡೀ ಸಾಲಿನಲ್ಲಿ ಇಷ್ಟು ಅಗಲದ, ಇಷ್ಟು ತಗ್ಗಿನ ಬಾಗಿಲು ಇನ್ನೊಂದಿಲ್ಲ. ನಾವು ಬನಿಯನ್ ತರಲು ಹೋಗುವ ಈ ದಾರಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಹರಳು ಕಲ್ಲು ಕಡಲಿಗೆ ಇಳಿಯುತ್ತಿತ್ತು, ಬೆಳ್ಳಿ ನಾಣ್ಯ ಒಳನಾಡಿಗೆ ಹತ್ತುತ್ತಿತ್ತು. ಆ ವ್ಯಾಪಾರದ ಇನ್ನೊಂದು ತುದಿ ಇಟಲಿಯಲ್ಲಿ, ವೆಸೂವಿಯಸ್ ಎಂಬ ಬೆಟ್ಟದ ಆಸುಪಾಸಿನಲ್ಲಿತ್ತು. ಕ್ರಿ.ಶ. 79ರಲ್ಲಿ ಆ ಬೆಟ್ಟ ಸಿಡಿಯಿತು. ಜ್ವಾಲಾಮುಖಿ ಎಂದ ಕೂಡಲೇ ಜಗತ್ತಿಗೆ ನೆನಪಾಗುವ ಸ್ಫೋಟ ಅದು. ಪೊಂಪೈ ಎಂಬ ಊರು ಬೂದಿಯಡಿ ಹೂತುಹೋದ ಕಥೆಯನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಆ ಕಥೆಗೆ ಕೊಯಮತ್ತೂರು ಮತ್ತು ತಿರುಪ್ಪೂರಿನ ಕೆಂಪು ಮಣ್ಣಿನ ಸಂಬಂಧ ಇದೆ. ನಮ್ಮ ಕರಾವಳಿಯ ಸಂಬಂಧವೂ ಇದೆ, ಅದು ಸ್ವಲ್ಪ ಮುಜುಗರದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾಣ್ಯದ ವಿಷಯ. ಕೊಯಮತ್ತೂರು ತಲುಪುವ ಮೊದಲು ಸಿಗುವ ಪೋದನೂರು ಜಂಕ್ಷನ್ ರೈಲಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ಅದರ ಪಕ್ಕದ ಊರು ವೆಳ್ಳಲೂರು. ಅಲ್ಲಿ 1842ರಲ್ಲಿ ಮಣ್ಣಿನಡಿ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ 1891ರಲ್ಲಿ, ಮತ್ತೆ 1931ರಲ್ಲಿ, ಅದೇ ಊರಿನಲ್ಲಿ ಇನ್ನಷ್ಟು ನಿಧಿ ಸಿಕ್ಕಿತು. ಇಂದಿನ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಕಡೆಯ ಬೂದಿನತ್ತಂನಲ್ಲಿ 1946ರಲ್ಲಿ ಸಿಕ್ಕಿದ್ದು ಸಾವಿರಕ್ಕೂ ಮೇಲೆ. ಎಲ್ಲಕ್ಕಿಂತ ಹಳೆಯ ವರದಿ ಫ್ರಾನ್ಸಿಸ್ ಬುಕಾನನ್ ಅವರದು. ಟಿಪ್ಪು ಸುಲ್ತಾನರ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರ ಅವರನ್ನು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ನೋಡಿ ಬರೆಯಲು ಕಳಿಸಿತ್ತು. ನಮ್ಮ ಮಂಗಳೂರಿಗೆ 1801ರ ಆರಂಭದಲ್ಲಿ ಬಂದದ್ದೂ ಇದೇ ಬುಕಾನನ್. ಅದಕ್ಕೆ ಕೆಲವು ತಿಂಗಳ ಮೊದಲು ಪೊಳ್ಳಾಚಿಯಲ್ಲಿದ್ದಾಗ, ಅಲ್ಲಿ ಹತ್ತಿರದಲ್ಲಿ ಅಗೆಯುವಾಗ ಸಿಕ್ಕಿದ ಒಂದು ಮಡಕೆಯ ಸುದ್ದಿ ಅವರಿಗೆ ತಿಳಿಯಿತು. ಮಡಕೆ ತುಂಬ ರೋಮನ್ ಬೆಳ್ಳಿ. ಕಲೆಕ್ಟರು ಆರು ನಾಣ್ಯಗಳನ್ನು ಅವರಿಗೆ ಕೊಟ್ಟರು. ಅವು ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳಾಗಿದ್ದವು.

ಈ ಭಾಗದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನದು ಈ ಇಬ್ಬರದ್ದೇ. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ಬೆಳ್ಳಿಯನ್ನು ಕಡಿಮೆ ಮಾಡಿದ. ಇಲ್ಲಿಯ ವ್ಯಾಪಾರಿಗಳು ಹಳೆಯ, ಗಟ್ಟಿ ಬೆಳ್ಳಿಯ ನಾಣ್ಯವನ್ನೇ ಕೇಳಿ ಪಡೆಯುತ್ತಿದ್ದರು ಎಂದು ಇತಿಹಾಸಕಾರರು ಊಹಿಸುತ್ತಾರೆ. ವ್ಯಾಪಾರ ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ನಾಣ್ಯದ ಮೇಲೆ ಯಾರ ಮುಖ ಇದ್ದರೇನು, ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ ಅನ್ನುವುದೇ ಮುಖ್ಯ.

ಕಡಲಿನಿಂದ ಇಷ್ಟು ದೂರದ ಒಣ ಸೀಮೆಗೆ ರೋಮಿನ ಬೆಳ್ಳಿ ಯಾಕೆ ಬಂತು? ಒಳ್ಳೆಮೆಣಸು ಮಲಬಾರಿನ ಮಾಲು, ಅದಕ್ಕಾಗಿ ಯಾರೂ ಕೊಯಮತ್ತೂರಿಗೆ ಬರಬೇಕಾಗಿರಲಿಲ್ಲ. ಇಲ್ಲಿಯ ಮಾಲು ಬೇರೆ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಎಂದರೆ ಈಗ ಎತ್ತುಗಳಿಗೆ ಹೆಸರು. ಅದರ ಹತ್ತಿರ ಪಡಿಯೂರು ಎಂಬ ಹಳ್ಳಿ ಇದೆ. ಅಲ್ಲಿಯ ಬಂಡೆಯ ಸಂದುಗಳಲ್ಲಿ ಕಡಲ ನೀರಿನ ಬಣ್ಣದ ಹರಳು ಸಿಗುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಬೆರಿಲ್ ಎನ್ನುತ್ತಾರೆ, ನೀಲಿ ಹಸಿರು ಬಣ್ಣದ್ದಾದರೆ ಅಕ್ವಮರೀನ್. ನಮ್ಮ ಹಳೆಯ ಗ್ರಂಥಗಳಲ್ಲಿ ವೈಡೂರ್ಯ ಎಂದು ಬರುವುದು ಇದೇ ಕಲ್ಲು ಎಂದು ಬಲ್ಲವರು ಹೇಳುತ್ತಾರೆ. ಈಗ ಚಿನಿವಾರರು ವೈಡೂರ್ಯ ಎಂದು ಕೊಡುವ ಕಲ್ಲು ಬೇರೆ. ಪ್ರಾಕೃತದ ವೇಳುರಿಯ ಗ್ರೀಕರ ಬಾಯಲ್ಲಿ ಬೆರುಲ್ಲೋಸ್ ಆಯಿತು, ಅಲ್ಲಿಂದ ಬೆರಿಲ್. ಜರ್ಮನ್ನರು ಕನ್ನಡಕಕ್ಕೆ ಬ್ರಿಲ್ಲೆ ಎನ್ನುವುದೂ ಇದೇ ಶಬ್ದದಿಂದ. ಬೆರಿಲ್ ಎಂಬುದರಿಂದಲೇ ಬ್ಯಾರಿ ಬಂತು ಎಂದು ನಾಳೆ ಯಾರಾದರೂ ವಾಟ್ಸಾಪಿನಲ್ಲಿ ಹಾಕಿದರೆ ದಯವಿಟ್ಟು ನಂಬಬೇಡಿ. ನಮ್ಮ ಹೆಸರನ್ನು ವ್ಯಾಪಾರ ಎಂಬ ಅರ್ಥದ ತುಳುವಿನ ಬ್ಯಾರ ಶಬ್ದದೊಂದಿಗೆ ಕೂಡಿಸುವ ವಾದವೇ ಸಾಕಷ್ಟು ಗಟ್ಟಿಯಾಗಿದೆ.

ಪಡಿಯೂರಿನ ಗಣಿ ಪೂರ್ತಿ ಮರೆತುಹೋಗಿರಲಿಲ್ಲ. 1819–20ರಲ್ಲಿ ಹೀತ್ ಎಂಬ ಇಂಗ್ಲಿಷರು ಅಲ್ಲಿ ಅಗೆಸಿ ಎರಡು ಸಾವಿರಕ್ಕೂ ಹೆಚ್ಚು ಹರಳು ತೆಗೆದರು. ಆಮೇಲೆ ಗುಂಡಿಯಲ್ಲಿ ನೀರು ತುಂಬಿತು. ಹರಳನ್ನು ಕೊರೆದು ಮಣಿ ಮಾಡುತ್ತಿದ್ದ ಜಾಗವೂ ಸಿಕ್ಕಿದೆ: ನೊಯ್ಯಲ್ ನದಿಯ ದಡದ ಕೊಡುಮಣಲ್. ಕೊಯಮತ್ತೂರಿನ ಪಶ್ಚಿಮದ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್, ಕೊಯಮತ್ತೂರು ದಾಟಿ, ತಿರುಪ್ಪೂರು ಪೇಟೆಯ ನಡುವೆಯೇ ಹರಿದು, ಮುಂದೆ ಕಾವೇರಿಗೆ ಸೇರುತ್ತದೆ. ಕೊಡುಮಣಲ್ ತಿರುಪ್ಪೂರು ಜಿಲ್ಲೆಯ ಗಡಿ ದಾಟಿದ ಮೇಲೆ ಸಿಗುತ್ತದೆ, ಈಗಿನ ಈರೋಡ್ ಜಿಲ್ಲೆಗೆ ಸೇರಿದ ಊರು. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರು 1985ರಿಂದ ಅಲ್ಲಿ ಅಗೆತ ನಡೆಸಿದರು. ಅರ್ಧ ಕೊರೆದ ಮಣಿ, ಒಡೆದು ಬಿಸಾಡಿದ ಚೂರು, ಉಜ್ಜಲು ಇಟ್ಟ ಹರಳು, ಕಬ್ಬಿಣ ಕರಗಿಸಿದ ಕುಲುಮೆ ಎಲ್ಲವೂ ಸಿಕ್ಕವು. ಸಂಗಂ ಕಾಲದ ಪದಿಟ್ರುಪತ್ತು ಎಂಬ ತಮಿಳು ಸಂಕಲನದಲ್ಲಿ ಕೊಡುಮಣಂ ಎಂದು ಹೆಸರಾಗಿರುವ ಊರು ಇದೇ. ಇಲ್ಲಿಂದ ಕಲ್ಲು ಪಾಲಕ್ಕಾಡ್ ಕಣಿವೆಯಲ್ಲಿ ಇಳಿದು, ಪೆರಿಯಾರ್ ಮುಖದ ಮುಝಿರಿಸ್ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಕೆಂಪು ಸಮುದ್ರ, ಒಂಟೆಯ ಮೇಲೆ ನೈಲ್ ನದಿ, ದೋಣಿಯಲ್ಲಿ ಅಲೆಕ್ಸಾಂಡ್ರಿಯಾ, ಮತ್ತೆ ಹಡಗಿನಲ್ಲಿ ಇಟಲಿ. ಹೆಸರಿಲ್ಲದ ಒಬ್ಬ ಗ್ರೀಕ್ ನಾವಿಕ ಆ ಶತಮಾನದಲ್ಲೇ ಬರೆದ ಪೆರಿಪ್ಲಸ್ ಎಂಬ ಪುಸ್ತಕದಲ್ಲಿ, ಮುಝಿರಿಸ್ ಕಡೆಯ ಬಂದರುಗಳಿಂದ ಹೋಗುವ ಮಾಲಿನ ಪಟ್ಟಿಯಲ್ಲಿ ಬಗೆಬಗೆಯ ಪಾರದರ್ಶಕ ಕಲ್ಲುಗಳೂ ಇವೆ.

ಈಗ ಪ್ಲಿನಿ. ಇವರೇ ಈ ಬರಹದ ಮುಖ್ಯ ವ್ಯಕ್ತಿ. ರೋಮಿನ ನೌಕಾಪಡೆಯ ಅಧಿಕಾರಿ, ಓದಿನ ಹುಚ್ಚಿನ ಮನುಷ್ಯ. ಕ್ರಿ.ಶ. 77ರಲ್ಲಿ, ಮುಂದೆ ಚಕ್ರವರ್ತಿಯಾಗಲಿದ್ದ ಟೈಟಸ್‌ಗೆ ಅರ್ಪಿಸಿದ ಅವರ 37 ಭಾಗಗಳ ಗ್ರಂಥದಲ್ಲಿ ಆಗ ಗೊತ್ತಿದ್ದ ಜಗತ್ತೆಲ್ಲ ಇದೆ. ಮೂವತ್ತೇಳನೆಯ ಭಾಗ ರತ್ನಗಳ ಬಗ್ಗೆ. ಬೆರಿಲ್ ಭಾರತದಲ್ಲಿ ಹುಟ್ಟುವ ಕಲ್ಲು, ಬೇರೆ ಕಡೆ ಸಿಗುವುದು ಅಪರೂಪ, ಅದನ್ನು ಆರು ಮುಖವಾಗಿ ಕಡೆಯುತ್ತಾರೆ, ಕಡಲ ಹಸಿರಿನದ್ದೇ ಎಲ್ಲಕ್ಕಿಂತ ಮೇಲು ಎಂದೆಲ್ಲ ಬರೆದಿದ್ದಾರೆ. ಭಾರತದವರಿಗೆ ಉದ್ದ ಹರಳೇ ಇಷ್ಟ, ಅದಕ್ಕೆ ಚಿನ್ನ ಕಟ್ಟಿಸದೆ ಆನೆಯ ಕೂದಲಿನಲ್ಲಿ ಪೋಣಿಸುತ್ತಾರೆ ಎಂಬ ಮಾತೂ ಇದೆ. ಸ್ಫಟಿಕಕ್ಕೆ ಬಣ್ಣ ಹಾಕಿ ಬೆರಿಲ್ ಎಂದು ಮಾರುವ ವಿದ್ಯೆ ಭಾರತದವರಿಗೆ ಗೊತ್ತಿದೆ ಎಂಬ ದೂರನ್ನೂ ಸೇರಿಸಿದ್ದಾರೆ. ಅಂದರೆ ಡೂಪ್ಲಿಕೇಟ್ ಮಾಲಿನ ತಕರಾರು ಕೂಡ ಎರಡು ಸಾವಿರ ವರ್ಷ ಹಳೆಯದು.

ಅವರ ದೊಡ್ಡ ಸಂಕಟ ದುಡ್ಡಿನದು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗೆ ಕಡಿಮೆ ಇಲ್ಲದಂತೆ ಭಾರತ ನಮ್ಮಿಂದ ಎಳೆದುಕೊಳ್ಳುತ್ತದೆ, ಅಲ್ಲಿಯ ಮಾಲು ಇಲ್ಲಿ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತದೆ ಎಂದು ಅವರು ಗೊಣಗುತ್ತಾರೆ. ಆಗ ರೋಮಿನ ಒಬ್ಬ ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ 900 ಸೆಸ್ಟರ್ಸ್ ಸಂಬಳ. ಲೆಕ್ಕ ಹಾಕಿದರೆ ಐದು ಕೋಟಿ ಎಂದರೆ ಐವತ್ತೈದು ಸಾವಿರ ಸಿಪಾಯಿಗಳ ಒಂದು ವರ್ಷದ ಸಂಬಳ. ಪ್ಲಿನಿ ಸ್ವಲ್ಪ ಏರಿಸಿ ಹೇಳಿದ್ದಾರೆ ಎನ್ನುವ ವಿದ್ವಾಂಸರೂ ಇದ್ದಾರೆ. ಆದರೆ ವಿಯೆನ್ನಾದಲ್ಲಿರುವ, ಪ್ಲಿನಿಯ ನಂತರದ ಶತಮಾನದ ಒಂದು ಪಪೈರಸ್ ಪತ್ರದಲ್ಲಿ ಮುಝಿರಿಸ್‌ನಿಂದ ಬಂದ ಹೆರ್ಮಪೊಲ್ಲೊನ್ ಎಂಬ ಒಂದೇ ಹಡಗಿನ ಮಾಲಿಗೆ ಸುಮಾರು 70 ಲಕ್ಷ ಸೆಸ್ಟರ್ಸ್ ಬೆಲೆ ಬರುತ್ತದೆ. ಅಂಥ ಏಳೆಂಟು ಹಡಗು ಬಂದರೆ ಪ್ಲಿನಿಯ ಐದು ಕೋಟಿ ತುಂಬುತ್ತದೆ. ಹಾಗಾಗಿ ಅವರ ಲೆಕ್ಕವನ್ನು ಬರೀ ಗೊಣಗಾಟ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಇದನ್ನೆಲ್ಲ ಬರೆದು ಎರಡು ವರ್ಷ ಆಗಿತ್ತಷ್ಟೆ. ಪ್ಲಿನಿ ನೇಪಲ್ಸ್ ಕೊಲ್ಲಿಯ ತುದಿಯ ಮಿಸೇನಂ ಎಂಬಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದರು. ಕೊಲ್ಲಿಯ ಆಚೆಗೆ ವೆಸೂವಿಯಸ್. ಮೈತುಂಬ ದ್ರಾಕ್ಷಿ ತೋಟ. ಆ ಬೆಟ್ಟ ಬೆಂಕಿ ಉಗುಳುತ್ತದೆ ಎಂಬುದು ಬುಡದಲ್ಲಿ ಬದುಕುತ್ತಿದ್ದವರಿಗೆ ತಿಳಿದಿರಲಿಲ್ಲ. ಪ್ಲಿನಿಯೇ ತಮ್ಮ ಗ್ರಂಥದಲ್ಲಿ ಜಗತ್ತಿನ ಉರಿಯುವ ಬೆಟ್ಟಗಳ ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ವೆಸೂವಿಯಸ್ ಇಲ್ಲ. ಸಾವಿರಾರು ಮೈಲಿ ದೂರದ ನಮ್ಮ ಕಲ್ಲಿನ ಬಣ್ಣ ಗೊತ್ತಿದ್ದವರಿಗೆ ಕಿಟಕಿಯಿಂದ ಕಾಣುವ ಬೆಟ್ಟದ ಗುಣ ಗೊತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಬೆಟ್ಟದ ಮೇಲೆ ಒಂದು ವಿಚಿತ್ರ ಮೋಡ ಎದ್ದಿತು. ನೆಟ್ಟಗೆ ಕಾಂಡದಂತೆ ಏರಿ, ಮೇಲೆ ಹೋಗಿ ಕೊಂಬೆಯಂತೆ ಹರಡಿದ ಮೋಡ. ಪ್ಲಿನಿಯ ಸೋದರಳಿಯನಿಗೆ ಆಗ ಹದಿನೇಳು ವರ್ಷ. ಕಾಲು ಶತಮಾನ ಕಳೆದ ಮೇಲೆ ಇತಿಹಾಸಕಾರ ಟ್ಯಾಸಿಟಸ್‌ಗೆ ಆತ ಬರೆದ ಎರಡು ಪತ್ರಗಳಿಂದಲೇ ಆ ದಿನದ ವಿವರ ನಮಗೆ ಗೊತ್ತಿದೆ. ಸ್ಫೋಟ ಆಗಸ್ಟ್ 24ರಂದು ಆಯಿತು ಎಂದು ಬಹುಕಾಲ ನಂಬಿದ್ದರು. 2018ರಲ್ಲಿ ಪೊಂಪೈಯ ಒಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಅಕ್ಟೋಬರ್ 17ರ ತಾರೀಕು ಸಿಕ್ಕಿದ ಮೇಲೆ, ಅದು ಅಕ್ಟೋಬರ್ ಕೊನೆಯಲ್ಲಿ ಆಗಿರಬೇಕು ಎನ್ನುವವರೇ ಹೆಚ್ಚು.

ಪ್ಲಿನಿ ಮೊದಲು ಹತ್ತಿರದಿಂದ ನೋಡಲು ಒಂದು ಹಗುರ ದೋಣಿ ಸಿದ್ಧ ಮಾಡಿಸಿದರು. ಅಷ್ಟರಲ್ಲಿ ಬೆಟ್ಟದ ಬುಡದ ಮನೆಯೊಂದರಿಂದ, ಕಡಲ ಮೂಲಕ ಬಿಟ್ಟರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಬನ್ನಿ ಎಂದು ಹೇಳಿಕಳಿಸಿದರು. ನೋಡುವ ಆಸೆ ಬಿಟ್ಟು ಅವರು ದೊಡ್ಡ ಹಡಗುಗಳನ್ನೇ ಹೊರಡಿಸಿದರು. ಹತ್ತಿರ ಹೋದಂತೆ ಬಿಸಿ ಬೂದಿ, ನೊರೆಗಲ್ಲು ಹಡಗಿನ ಮೇಲೆ ಬೀಳತೊಡಗಿತು. ದಡ ಹಿಡಿಯಲಾಗದೆ ದಕ್ಷಿಣದ ಸ್ಟೇಬಿಯೇಗೆ ಹೋಗಿ ಇಳಿದರು. ರಾತ್ರಿ ಅಲ್ಲೇ ಗೆಳೆಯನ ಮನೆಯಲ್ಲಿ ಉಂಡು ಮಲಗಿದರು. ಅಂಗಳದಲ್ಲಿ ಕಲ್ಲು, ಬೂದಿ ಏರುತ್ತಾ ಬಾಗಿಲೇ ಮುಚ್ಚುವಂತಾದಾಗ ಎಬ್ಬಿಸಿದರು. ತಲೆಗೆ ದಿಂಬು ಕಟ್ಟಿಕೊಂಡು ಎಲ್ಲರೂ ಕಡಲ ದಡಕ್ಕೆ ಓಡಿದರು. ಗಾಳಿ ಎದುರು, ಅಲೆ ಜೋರು, ಹಡಗು ಹೊರಡುವಂತಿಲ್ಲ. ಪ್ಲಿನಿ ದಡದಲ್ಲಿ ಹಾಸಿದ ಬಟ್ಟೆಯ ಮೇಲೆ ಮಲಗಿ ಒಂದೆರಡು ಸಲ ತಣ್ಣೀರು ಕೇಳಿ ಕುಡಿದರು. ಗಂಧಕದ ವಾಸನೆ ಬಂದು ಬೇರೆಯವರೆಲ್ಲ ಓಡುವಾಗ ಇಬ್ಬರ ಹೆಗಲು ಹಿಡಿದು ಎದ್ದು, ಹಾಗೆಯೇ ಕುಸಿದರು. ಬೆಳಕು ಮರಳಿದ ಮೇಲೆ ದೇಹ ಸಿಕ್ಕಿದಾಗ ನಿದ್ದೆ ಮಾಡಿದಂತೆ ಕಾಣುತ್ತಿತ್ತು ಎಂದು ಸೋದರಳಿಯ ಬರೆದಿದ್ದಾನೆ.

ಆ ಒಂದೂವರೆ ದಿನದಲ್ಲಿ ಪೊಂಪೈ ಮೇಲೆ ಸುಮಾರು 18 ಗಂಟೆ ನೊರೆಗಲ್ಲು ಸುರಿಯಿತು. ಭಾರಕ್ಕೆ ಮಾಡು ಕುಸಿಯಿತು. ಆಮೇಲೆ ಬೆಟ್ಟದಿಂದ ಬಿಸಿ ಅನಿಲ, ಬೂದಿಯ ಪ್ರವಾಹ ನೆಲ ಹಿಡಿದು ಧಾವಿಸಿ ಬಂತು. ಉಳಿದಿದ್ದವರ ಉಸಿರು ಅಲ್ಲಿಗೆ ನಿಂತಿತು. ಕಡಲಿಗೆ ಹತ್ತಿರದ ಹರ್ಕ್ಯುಲೇನಿಯಂನಲ್ಲಿ ದೋಣಿ ಇಡುವ ಕಮಾನುಗಳಲ್ಲಿ ಸುಮಾರು 300 ಜನರ ಎಲುಬು ಸಿಕ್ಕಿದೆ. ಬಂದು ಕರೆದೊಯ್ಯುವ ಹಡಗಿಗಾಗಿ ಕಾದು ಕುಳಿತವರು ಅವರು. ಕಡಲ ಕರೆಯಲ್ಲಿ ಬದುಕುವ ನಮಗೆ ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಲು ಕಷ್ಟ ಇಲ್ಲ.

ಕೊಂದ ಬೂದಿಯೇ ಅಲ್ಲಿದ್ದುದನ್ನು ಕಾಪಾಡಿತು. ಹರ್ಕ್ಯುಲೇನಿಯಂನಲ್ಲಿ 1738ರಿಂದ, ಪೊಂಪೈಯಲ್ಲಿ 1748ರಿಂದ ಅಗೆತ ಶುರುವಾಯಿತು, ಇವತ್ತಿಗೂ ಮುಗಿದಿಲ್ಲ. ಒಲೆಯಲ್ಲಿ ಕರಕಲಾದ ರೊಟ್ಟಿ ಹಾಗೇ ಸಿಕ್ಕಿತು. ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ನಿಧಿ ವ್ಯಾಪಾರದ ಚೀಟಿಗಳು. ಪೊಂಪೈಯ ಕೇಸಿಲಿಯಸ್ ಯುಕುಂಡಸ್ ಎಂಬ ಲೇವಾದೇವಿಗಾರನ ಮನೆಯಲ್ಲಿ 1875ರಲ್ಲಿ ನೂರೈವತ್ತಕ್ಕೂ ಹೆಚ್ಚು ಮರದ ಹಲಗೆಯ ರಶೀದಿಗಳು ಸಿಕ್ಕವು. ಊರ ಹೊರಗೆ 1959ರಲ್ಲಿ ಇನ್ನೊಂದು ಕಟ್ಟು ಸಿಕ್ಕಿತು, ಪುತೆಯೋಲಿ ಬಂದರಿನ ಸುಲ್ಪಿಸಿ ಎಂಬ ಸಾಹುಕಾರರದು. ಪೂರ್ವದ ಮಾಲು ಇಟಲಿಯಲ್ಲಿ ಇಳಿಯುತ್ತಿದ್ದ ಬಂದರು ಅದು. ಅಲೆಕ್ಸಾಂಡ್ರಿಯಾದ ಗೋಧಿ, ಕಡಲೆ, ಬೇಳೆಯನ್ನು ಗೋದಾಮಿನಲ್ಲಿ ಅಡವಿಟ್ಟು ಕ್ರಿ.ಶ. 37ರಲ್ಲಿ ಒಬ್ಬ ವ್ಯಾಪಾರಿ ಸಾಲ ಎತ್ತಿದ್ದು ಅದರಲ್ಲಿ ದಾಖಲಾಗಿದೆ. ಯಾರಿಂದ, ಎಷ್ಟು, ಸಾಕ್ಷಿ ಯಾರು ಎಂಬುದೆಲ್ಲ ಇದೆ. ರಾಜರ ಶಾಸನದಲ್ಲಿ ಇಂಥವರಿಗೆ ಜಾಗ ಇರುವುದಿಲ್ಲ.

ಭಾರತದ ವಸ್ತುವೂ ಸಿಕ್ಕಿತು. 1938ರಲ್ಲಿ ಅಮೆಡಿಯೋ ಮಾಯೂರಿ ಅವರ ಅಗೆತದಲ್ಲಿ ಒಂದು ಮನೆಯಿಂದ ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಹೆಣ್ಣುಗೊಂಬೆ ಹೊರಬಂತು. ಪೊಂಪೈ ಲಕ್ಷ್ಮಿ ಎಂದು ಹೆಸರು ಬಿತ್ತು, ಲಕ್ಷ್ಮಿಯಲ್ಲ ಯಕ್ಷಿ ಎಂದು ಈಗ ಅನೇಕರು ಹೇಳುತ್ತಾರೆ. ಅದು ನೇಪಲ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದರ ಕೆತ್ತನೆ ಮಹಾರಾಷ್ಟ್ರದ ಭೋಕರ್ದನ್ ಕಡೆಯದಕ್ಕೆ ಹೋಲುತ್ತದೆ, ಆದ್ದರಿಂದ ಕೊಂಗುನಾಡಿನವರು ಅದನ್ನು ತಮ್ಮದು ಎನ್ನುವಂತಿಲ್ಲ. ಕಡಲ ಹಸಿರಿನ ಕಲ್ಲಿಗೆ ಬೇರೆ ಸಾಕ್ಷಿ ಇದೆ. ಸ್ಫೋಟದ ಹೊತ್ತಿಗೆ ಚಕ್ರವರ್ತಿಯಾಗಿದ್ದ ಅದೇ ಟೈಟಸ್‌ನ ಮಗಳು ಯೂಲಿಯಾಳ ಮುಖವನ್ನು ಎವೋಡೋಸ್ ಎಂಬ ಕುಶಲಕರ್ಮಿ ಒಂದು ದೊಡ್ಡ ಅಕ್ವಮರೀನ್ ಮೇಲೆ ಕೊರೆದಿದ್ದಾನೆ, ಕೆಳಗೆ ಸಹಿ ಕೂಡ ಹಾಕಿದ್ದಾನೆ. ಅದೀಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿದೆ. ಆ ಕಾಲದಲ್ಲಿ ಅಂಥ ಕಲ್ಲಿಗೆ ಹೆಸರಾಗಿದ್ದ ನಾಡು ಭಾರತ ಎಂದು ಪ್ಲಿನಿಯೇ ಬರೆದಿಟ್ಟಿದ್ದಾರೆ.

ಹಾಗಾದರೆ ಸ್ಫೋಟದಿಂದ ಕೊಯಮತ್ತೂರು ಸೀಮೆಗೆ ಏನಾಯಿತು? ನೇರವಾಗಿ ಏನೂ ಆಗಲಿಲ್ಲ. ಬೂದಿ ಬಿದ್ದದ್ದು ಇಟಲಿಯಲ್ಲಿ, ವ್ಯಾಪಾರ ನಿಲ್ಲಲಿಲ್ಲ. ಹದಿಮೂರು ವರ್ಷ ಕಳೆದು, ಕ್ರಿ.ಶ. 92ರಲ್ಲಿ, ಟೈಟಸ್‌ನ ತಮ್ಮ ಡೊಮಿಷಿಯನ್ ರೋಮ್ ಪಟ್ಟಣದ ನಡುವೆ ಒಳ್ಳೆಮೆಣಸಿಗೆಂದೇ ಗೋದಾಮು ಕಟ್ಟಿಸಿದ. ಸ್ಫೋಟ ಬದಲಾಯಿಸಿದ್ದು ನಮಗೆ ಇವತ್ತು ಯಾರ ಬಗ್ಗೆ ಎಷ್ಟು ಗೊತ್ತು ಎಂಬುದನ್ನು. ಕೊಂಡವರ ಊರು ಬೀದಿ, ಬಾಗಿಲು, ಸಾಲದ ಚೀಟಿ ಸಮೇತ ಉಳಿಯಿತು. ಮಾರಿದವರ ಕಡೆ ಉಳಿದದ್ದು ಮಡಕೆಯಲ್ಲಿ ಹೂತಿಟ್ಟ ಬೆಳ್ಳಿ ಮತ್ತು ಒಡೆದ ಮಣಿ.

ನಡುವಿನವರ ಪಾಲಿಗೆ ಉಳಿದದ್ದು ಇನ್ನೂ ಕಡಿಮೆ, ಆ ಮುಜುಗರದ ಮಾತು ಇದೇ. ಗ್ರಂಥದ ಆರನೆಯ ಭಾಗದಲ್ಲಿ ಪ್ಲಿನಿ ಭಾರತಕ್ಕೆ ಬರುವ ಹಡಗಿನ ದಾರಿ ಹೇಳುತ್ತಾರೆ. ಬೇಸಿಗೆಯ ನಡುವೆ ಈಜಿಪ್ಟಿನ ಬೆರೆನಿಕೆ ಬಂದರು ಬಿಟ್ಟು, ಕೆಂಪು ಸಮುದ್ರದ ಬಾಯಿ ತಲುಪಿ, ಅಲ್ಲಿಂದ ಮಳೆಗಾಲದ ಗಾಳಿ ಹಿಡಿದರೆ 40 ದಿನದಲ್ಲಿ ಮುಝಿರಿಸ್. ಆದರೆ ಮುಝಿರಿಸ್ ಒಳ್ಳೆಯ ಜಾಗ ಅಲ್ಲ, ಹತ್ತಿರದಲ್ಲೇ ಕಡಲ್ಗಳ್ಳರಿದ್ದಾರೆ, ಅವರ ಜಾಗದ ಹೆಸರು ನಿಟ್ರಿಯಾಸ್ ಎಂದು ಎಚ್ಚರಿಸುತ್ತಾರೆ. ಈ ಕಳ್ಳರ ಭಯಕ್ಕೆ ಹಡಗುಗಳಲ್ಲಿ ಬಿಲ್ಲುಗಾರರ ಪಡೆಯನ್ನು ಇಟ್ಟುಕೊಳ್ಳುತ್ತಿದ್ದರು ಎಂದೂ ಹೇಳಿದ್ದಾರೆ. ಈ ನಿಟ್ರಿಯಾಸ್ ನೇತ್ರಾವತಿಯ ಮುಖ, ಅಂದರೆ ಮಂಗಳೂರು, ಎಂದು ಗುರುತಿಸಿದ ವಿದ್ವಾಂಸರು ಅನೇಕರು. ಬೇರೆ ಕಡೆ ತೋರಿಸುವವರೂ ಇದ್ದಾರೆ. ಪ್ಲಿನಿಯ ನಂತರ ಬರೆದ ಟಾಲೆಮಿ ನಿತ್ರಾ ಎಂಬ ಹೆಸರಿನ ಊರನ್ನು ವ್ಯಾಪಾರದ ಪೇಟೆ ಎಂದು ಗುರುತು ಮಾಡಿದ್ದಾರೆ.

ಒಬ್ಬರಿಗೆ ಕಳ್ಳರ ತಾಣ, ಇನ್ನೊಬ್ಬರಿಗೆ ಪೇಟೆ. ಇದರ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಆಗ ಇಸ್ಲಾಂ ಬಂದಿರಲಿಲ್ಲ, ಬ್ಯಾರಿ ಎಂಬ ಸಮುದಾಯದ ಮಾತೇ ಇಲ್ಲ. ಹಾಗಾಗಿ ಪ್ಲಿನಿ ನಮ್ಮ ಅಜ್ಜಂದಿರಿಗೆ ಬೈದರು ಎಂದು ಸಿಟ್ಟಾಗಬೇಕಾದ್ದಿಲ್ಲ. ಆದರೆ ಆ ಕಡಲ ಕರೆ ನಮ್ಮದು. ಪ್ಲಿನಿ ಇಲ್ಲಿಗೆ ಬಂದು ನೋಡಿ ಬರೆದದ್ದಲ್ಲ, ಹಡಗಿನವರು ಹೇಳಿದ್ದನ್ನು ಬರೆದದ್ದು. ತಮ್ಮ ನೀರಿನಲ್ಲಿ ಹೋಗುವ ಹಡಗಿನಿಂದ ಸುಂಕ ಕೇಳಿದವರನ್ನೂ, ನಿಜವಾಗಿ ದೋಚಿದವರನ್ನೂ ಪರದೇಶದ ಹಡಗಿನವನು ಒಂದೇ ಹೆಸರಿನಿಂದ ಕರೆಯುತ್ತಾನೆ. ದೋಚಿದವರು ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡರಲ್ಲಿ ಯಾವುದು ಎಂದು ಕೇಳಿ ನೋಡಲು ಆ ಕಡೆಯ ಒಂದೇ ಒಂದು ಚೀಟಿ ನಮ್ಮ ಕೈಯಲ್ಲಿಲ್ಲ.

ಚೀಟಿ ಸಿಕ್ಕಿದಾಗ ಚಿತ್ರ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಕೆಂಪು ಸಮುದ್ರದ ಕಡೆ ನೋಡಬೇಕು. ಬೆರೆನಿಕೆಯ ದೇವಾಲಯದ ಅಂಗಳದಲ್ಲಿ ಭಾರತದ ಹಂಡೆಯೊಂದರಲ್ಲಿ ಏಳೂವರೆ ಕಿಲೋ ಒಳ್ಳೆಮೆಣಸು ಸಿಕ್ಕಿತು. ಕುಸೈರ್ ಅಲ್ ಖದೀಮ್ ಎಂಬಲ್ಲಿ ಒಡೆದ ಮಡಕೆ ಚೂರುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಕಣನ್, ಸಾತನ್ ಎಂಬ ಹೆಸರುಗಳಿವೆ. ಸಾತ್ತನ್ ಎಂದರೆ ಹಳೆಯ ತಮಿಳಿನಲ್ಲಿ ವ್ಯಾಪಾರಿ ಎಂಬ ಅರ್ಥವೂ ಇದೆ. ಅಂದರೆ ನಮ್ಮ ಕಡೆಯವರು ದಡದಲ್ಲಿ ಕಾದು ಕುಳಿತವರು ಮಾತ್ರ ಆಗಿರಲಿಲ್ಲ, ಈಜಿಪ್ಟಿನವರೆಗೆ ಹೋಗಿ ತಂಗಿದ್ದವರು. ಕೊಡುಮಣಲ್‌ನಲ್ಲೂ ಹೆಸರು ಗೀಚಿದ ನೂರಾರು ಮಡಕೆ ಚೂರುಗಳು ಸಿಕ್ಕಿವೆ. ಕಣ್ಣನ್ ಆತನ್ ಎಂದು ಒಂದರಲ್ಲಿದೆ, ವಿಸಾಕಿ ಎಂದು ಇನ್ನೊಂದರಲ್ಲಿದೆ. ಒಂದು ತಮಿಳು ಹೆಸರು, ಇನ್ನೊಂದು ಉತ್ತರದ ಪ್ರಾಕೃತದ್ದು. ಒಣ ಸೀಮೆಯ ಆ ಸಣ್ಣ ಊರಿಗೆ ಹೊರಗಿನಿಂದಲೂ ಜನ ಬಂದಿದ್ದರು.

ಮಂಗಳೂರಿನ ಪಾಲಿಗೆ ಚೀಟಿ ಸಿಗಲು ಇನ್ನೂ ಸಾವಿರ ವರ್ಷ ಬೇಕಾಯಿತು, ಅದೂ ಬೇರೆಯವರ ಮನೆಯಲ್ಲಿ. ದೇವರ ಹೆಸರಿರುವ ಕಾಗದವನ್ನು ಬಿಸಾಡಬಾರದು ಎಂದು ಕೈರೋದ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಹಳೆಯ ಪತ್ರಗಳನ್ನು ತುಂಬಿಸಿಡುತ್ತಿದ್ದರು. ಅದರಲ್ಲಿ ಸಿಕ್ಕಿದವರು ಅಬ್ರಹಾಂ ಬೆನ್ ಯಿಜು, 1130ರ ದಶಕದಿಂದ ಸುಮಾರು ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿದ್ದು, ಮಂಗಳೂರಿನಿಂದ ಒಳ್ಳೆಮೆಣಸು, ಕಂಚಿನ ಪಾತ್ರೆಯ ವ್ಯಾಪಾರ ಮಾಡಿದವರು. ಏಡನ್ನಿಗೆ ಹೋಗಿ ಬಂದು ಅವರ ವ್ಯವಹಾರ ನೋಡಿಕೊಂಡ ಬೊಮ್ಮ ಎಂಬ ತುಳುನಾಡಿನ ಆಳಿನ ಹೆಸರೂ ಉಳಿದಿದೆ. ಅಮಿತಾವ್ ಘೋಷ್ ಅವರ ಪುಸ್ತಕ 1992ರಲ್ಲಿ ಬಂದ ಮೇಲೆ ಅನೇಕರಿಗೆ ಈ ವಿಷಯ ತಿಳಿಯಿತು. ಪೊಂಪೈಯಲ್ಲಿ ಬೂದಿ ಮಾಡಿದ ಕೆಲಸವನ್ನು ಕೈರೋದಲ್ಲಿ ಒಂದು ಪದ್ಧತಿ ಮಾಡಿತು. ನಮ್ಮಲ್ಲಿ ಎರಡೂ ಇರಲಿಲ್ಲ, ಇದ್ದದ್ದು ಮಳೆ ಮತ್ತು ಗೆದ್ದಲು.

ಕೊಯಮತ್ತೂರು ಕಡೆಯೂ ಪೂರ್ತಿ ಸುರಕ್ಷಿತ ಅಲ್ಲ. ನೊಯ್ಯಲ್‌ಗೆ ಒರತ್ತುಪಾಳಯಂ ಎಂಬಲ್ಲಿ, ಕೊಡುಮಣಲ್‌ಗೆ ಹೆಚ್ಚು ದೂರವಿಲ್ಲದ ಜಾಗದಲ್ಲಿ, ಬೇಸಾಯಕ್ಕೆಂದು ಅಣೆಕಟ್ಟು ಕಟ್ಟಿದರು. ಅದು 1992ರಲ್ಲಿ ಮುಗಿಯಿತು. ಕೆಲವೇ ವರ್ಷದಲ್ಲಿ ತಿರುಪ್ಪೂರಿನ ಡೈಯಿಂಗ್ ಘಟಕಗಳ ಬಣ್ಣದ ನೀರು ಅದರಲ್ಲಿ ತುಂಬಿ, ರೈತರೇ ಆ ನೀರು ಬೇಡ ಎಂದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಆ ವರ್ಷ ಮಾಲು ಸಿಗದೆ, ರೇಟು ಏರಿ, ಉಪ್ಪ ಎಷ್ಟು ಬೈದಿದ್ದರು ಎಂಬುದು ನನಗೆ ನೆನಪಿದೆ. ಅಗ್ಗದ ಬನಿಯನ್ನಿನ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಮಣಿ ಕೊರೆದವರು ನೀರು ಕುಡಿದ ನದಿ ಅದು.

ಕಳೆದ ವರ್ಷ ಅಂಗಡಿ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಲೆಕ್ಕದ ಪುಸ್ತಕಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದರು. ನಾನು ಹೋಗುವಷ್ಟರಲ್ಲಿ ಕೆಂಪು ಬಟ್ಟೆಯ ಕಟ್ಟಿನ ಒಂದೇ ಒಂದು ಪುಸ್ತಕ ಉಳಿದಿತ್ತು, ಮೂಲೆ ಗೆದ್ದಲು ತಿಂದಿದೆ. ಕಾಕನ ಕೈಬರಹ. ಒಂದು ಪುಟದಲ್ಲಿ ತಿರುಪ್ಪೂರು ಎಂದು ಬರೆದು, ಕೆಳಗೆ ಮೂಟೆ ಆರು, ಲಾರಿ ಬಾಡಿಗೆ ಬಾಕಿ ಎಂದಿದೆ. ಆ ಬಾಕಿ ಕೊಟ್ಟಿದ್ದೀರಾ ಎಂದು ಕಾಕನಲ್ಲಿ ಕೇಳಿದೆ. ಕನ್ನಡಕ ಹಾಕಿ ಪುಟವನ್ನು ತುಂಬ ಹೊತ್ತು ನೋಡಿದರು. ಲಾರಿಯವನ ಹೆಸರು ನೆನಪಾಯಿತು, ಅವನ ಊರೂ ನೆನಪಾಯಿತು, ಬಾಕಿ ತೀರಿಸಿದ್ದು ಮಾತ್ರ ನೆನಪಾಗಲಿಲ್ಲ.